ಸಂಶೋಧನೆಯ ಮೊದಲ ಒಳ್ಳೆ ಫಲಿತಾಂಶವನ್ನು ಕೂಡಲೇ ಬಳಕೆಗೆ ತರಬೇಕೇ? ಪರ-ವಿರೋಧ

ಪರ: ಕಾಯುವುದಕ್ಕೂ ಬೆಲೆ ಇದೆ

1847ರ ಏಪ್ರಿಲ್‌ನಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಒಂದು ಹೆರಿಗೆ ವಿಭಾಗದಲ್ಲಿ ನೂರಕ್ಕೆ 18 ತಾಯಂದಿರು ಸತ್ತರು. ಮೇ ತಿಂಗಳಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಅಲ್ಲಿ ಒಂದು ನಿಯಮ ತಂದರು. ಶವಪರೀಕ್ಷೆ ಮುಗಿಸಿ ಬರುವ ವೈದ್ಯರು, ವಿದ್ಯಾರ್ಥಿಗಳು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದುಕೊಂಡೇ ಹೆರಿಗೆ ಕೋಣೆಗೆ ಹೋಗಬೇಕು, ಅಷ್ಟೇ. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಇಷ್ಟು ಕಣ್ಣೆದುರೇ ಇದ್ದರೂ ಯುರೋಪಿನ ಬಹುಪಾಲು ವೈದ್ಯರು ಒಪ್ಪಲಿಲ್ಲ. ಕೈ ತೊಳೆದರೆ ಸಾವು ಯಾಕೆ ಕಡಿಮೆಯಾಗುತ್ತದೆ ಎಂದು ವಿವರಿಸಿ ಅಂದರು. ರೋಗಾಣುಗಳ ವಿಚಾರ ಆಗಿನ್ನೂ ನೆಲೆ ಕಂಡಿರಲಿಲ್ಲ, ಹಾಗಾಗಿ ವಿವರಿಸಲು ಆಗಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ತೀರಿಕೊಂಡಾಗಲೂ ಅವರ ನಿಯಮಕ್ಕೆ ಮನ್ನಣೆ ಸಿಕ್ಕಿರಲಿಲ್ಲ. ನಡುವಿನ ವರ್ಷಗಳಲ್ಲಿ ಸತ್ತ ತಾಯಂದಿರು ಯಾವ ಲೆಕ್ಕದಲ್ಲೂ ಇಲ್ಲ. ನನ್ನ ವಾದ ಶುರುವಾಗುವುದೇ ಇಲ್ಲಿಂದ. ಹೊಸ ಚಿಕಿತ್ಸೆಯಿಂದ ಒಬ್ಬರು ಸತ್ತರೆ ತನಿಖೆ ಆಗುತ್ತದೆ, ಸುದ್ದಿ ಆಗುತ್ತದೆ. ಹೊಸ ಚಿಕಿತ್ಸೆ ಸಿಗದೆ ಸಾವಿರ ಜನ ಸತ್ತರೆ ಅದು ಕಾಯಿಲೆಯ ಖಾತೆಗೆ ಹೋಗುತ್ತದೆ. ಹೀಗಾಗಿ ತಡ ಮಾಡಿದವರನ್ನು ಯಾರೂ ಕೇಳುವುದಿಲ್ಲ.

ಇದು ಹಳೇ ಕಾಲದ ಮೊಂಡುತನ ಎನ್ನುವವರು ಹೃದಯಾಘಾತದ ಔಷಧ ಸ್ಟ್ರೆಪ್ಟೋಕೈನೇಸ್‌ನ ಚರಿತ್ರೆ ನೋಡಬೇಕು. ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಔಷಧ ಅದು. 1959ರಿಂದ 1988ರವರೆಗೆ ಅದರ ಮೇಲೆ 33 ಪ್ರಯೋಗ ನಡೆದವು. 1992ರಲ್ಲಿ ಸಂಶೋಧಕರ ಒಂದು ತಂಡ ಈ ಪ್ರಯೋಗಗಳನ್ನು ನಡೆದ ಕ್ರಮದಲ್ಲೇ ಒಂದೊಂದಾಗಿ ಕೂಡಿಸುತ್ತಾ ಹೋಯಿತು. 1973ರ ಹೊತ್ತಿಗೇ, 8 ಪ್ರಯೋಗ ಮುಗಿದಾಗ, 2,432 ರೋಗಿಗಳ ಲೆಕ್ಕದಲ್ಲೇ, ಔಷಧ ಜೀವ ಉಳಿಸುತ್ತದೆ ಎಂಬ ಉತ್ತರ ಬಂದಿತ್ತು. ಆದರೂ ಮತ್ತೆ 25 ಪ್ರಯೋಗ ನಡೆದವು. ಇನ್ನೂ 34,542 ರೋಗಿಗಳು ಅವುಗಳಲ್ಲಿ ಸೇರಿದರು. ಅವರಲ್ಲಿ ಸುಮಾರು ಅರ್ಧ ಜನಕ್ಕೆ ಔಷಧ ಸಿಗಲಿಲ್ಲ, ಯಾಕೆಂದರೆ ಹೋಲಿಕೆಗೆ ಔಷಧ ಪಡೆಯದ ಗುಂಪೂ ಬೇಕಲ್ವಾ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಹದಿನೈದು ವರ್ಷ ಮತ್ತೆ ಮತ್ತೆ ಕೇಳಿದ ಹಾಗಾಯಿತು. 

ಅವಧಿಗೆ ಮುಂಚೆ ಹುಟ್ಟುವ ಮಕ್ಕಳ ಕತೆಯೂ ಇಂಥದ್ದೇ. ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು 1972ರಲ್ಲೇ ನ್ಯೂಜಿಲೆಂಡಿನಿಂದ ವರದಿ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಅದನ್ನು ಒಪ್ಪಿ ಶಿಫಾರಸು ಮಾಡಿದ್ದು 1994ರಲ್ಲಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಕಾಣುವ ಸಣ್ಣ ಗೆರೆಗಳು ಈ ಚುಚ್ಚುಮದ್ದಿನ ಪ್ರಯೋಗಗಳದ್ದೇ.

ಬೇಗ ಬಳಸಿದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಪಶ್ಚಿಮ ಬಂಗಾಳದ ಬೊಂಗಾವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಸಕ್ಕರೆ, ಅಡುಗೆ ಸೋಡಾದ ಪುಡಿಯನ್ನು ನೀರಿಗೆ ಹಾಕಿ ಕುಡಿಸಲು ಶುರು ಮಾಡಿದರು. ಕುಡಿಸಿದವರು ರೋಗಿಗಳ ಮನೆಯವರೇ. ಅಷ್ಟು ದೊಡ್ಡ ಮಟ್ಟದಲ್ಲಿ, ತರಬೇತಿ ಇಲ್ಲದವರ ಕೈಯಲ್ಲಿ ಅದು ನಡೆಯುತ್ತದೆ ಎಂದು ಆಗ ಯಾರೂ ತೋರಿಸಿರಲಿಲ್ಲ. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಪೂರ್ತಿ ಪುರಾವೆ ಬರಲಿ ಎಂದು ಅವರು ಕೈಕಟ್ಟಿ ಕೂತಿದ್ದರೆ?

ಎಂಜಿನಿಯರಿಂಗ್‌ನಲ್ಲಿ ನನಗೆ ಬಹಳ ಇಷ್ಟವಾಗುವ ಉದಾಹರಣೆ ಕಾರಿನ ಸೀಟ್ ಬೆಲ್ಟ್. ಎದೆ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು ನಿಲ್ಸ್ ಬೋಲಿನ್ ರೂಪಿಸಿದರು. ವೋಲ್ವೋ 1959ರಲ್ಲೇ ಅದನ್ನು ಕಾರುಗಳಿಗೆ ಹಾಕಿತು, ಪೇಟೆಂಟನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಸ್ವೀಡನ್‌ನ 28,000 ಅಪಘಾತಗಳ ಲೆಕ್ಕ ಹಿಡಿದು ಬೋಲಿನ್ ವರದಿ ಕೊಟ್ಟದ್ದು 1967ರಲ್ಲಿ. ಮೊದಲು ಬಳಕೆ, ಜೊತೆಜೊತೆಗೇ ಲೆಕ್ಕ. ದೊಡ್ಡ ಪುರಾವೆ ಬೇಕಿದ್ದರೆ ರಸ್ತೆಯ ಮೇಲೆ ಬೆಲ್ಟ್ ಹಾಕಿದ ಜನ ಇರಲೇಬೇಕಿತ್ತು. ವ್ಯಾಪಾರದವರಂತೂ ಇದನ್ನು ದಿನವೂ ಮಾಡುತ್ತಾರೆ. ಹೊಸದನ್ನು ಅರ್ಧ ಗ್ರಾಹಕರಿಗೆ ಕೊಟ್ಟು, ಉಳಿದರ್ಧಕ್ಕೆ ಹಳೆಯದನ್ನೇ ಇಟ್ಟು, ಯಾವುದು ನಡೆಯುತ್ತದೆ ನೋಡುತ್ತಾರೆ.

ತಪ್ಪಾದರೆ? ಆಗಬಹುದು. ಅದಕ್ಕೇ ನಾನು ಕಣ್ಣುಮುಚ್ಚಿ ಬಳಸಿ ಎನ್ನುತ್ತಿಲ್ಲ, ಎಣಿಸುತ್ತಾ ಬಳಸಿ ಎನ್ನುತ್ತಿದ್ದೇನೆ. ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಮಾರ್ಚ್‌ನಲ್ಲಿ ಕೋವಿಡ್ ವಾರ್ಡುಗಳ ಒಳಗೇ ಶುರುವಾಯಿತು. ಜೂನ್ 16ರಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧದ ಫಲಿತಾಂಶ ಹೊರಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಅದೇ ದಿನ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅದು ಚಿಕಿತ್ಸೆಯ ಭಾಗವಾಯಿತು. ಇನ್ನೊಂದು ತಂಡ ಇನ್ನೊಂದು ದೇಶದಲ್ಲಿ ಅದನ್ನೇ ಮತ್ತೆ ಮಾಡಿ ತೋರಿಸಲಿ ಎಂದು ಯಾರೂ ಕಾಯಲಿಲ್ಲ. ಔಷಧ ಹಳೆಯದು, ಅಗ್ಗದ್ದು, ಅದರ ಅಡ್ಡಪರಿಣಾಮ ಗೊತ್ತಿದ್ದದ್ದು. ಅಂಥ ಕಡೆ ಒಂದು ದಿನ ತಡ ಮಾಡುವುದಕ್ಕೂ ಕಾರಣ ಕೊಡಬೇಕಾಗುತ್ತದೆ.

ವಿರೋಧ: ಮೊದಲ ಫಲಿತಾಂಶ ಬಹಳ ಸಲ ಸುಳ್ಳು ಹೇಳುತ್ತದೆ

ರಿಕವರಿ ಪ್ರಯೋಗವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದೇ ಪ್ರಯೋಗ ಅದೇ ಜೂನ್ ತಿಂಗಳ 5ರಂದು ಇನ್ನೊಂದು ಉತ್ತರವನ್ನೂ ಕೊಟ್ಟಿತ್ತು: ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಮಲೇರಿಯಾ ಮಾತ್ರೆಯಿಂದ ಆಸ್ಪತ್ರೆಯಲ್ಲಿರುವ ಕೋವಿಡ್ ರೋಗಿಗಳಿಗೆ ಉಪಯೋಗವಿಲ್ಲ. ಆ ಮಾತ್ರೆಗೆ ಜಗತ್ತು ಮುಗಿಬಿದ್ದದ್ದು ಯಾಕೆ? ಮಾರ್ಚ್‌ನಲ್ಲಿ ಫ್ರಾನ್ಸಿನಿಂದ ಒಂದು 'ಮೊದಲ ಒಳ್ಳೆ ಫಲಿತಾಂಶ' ಬಂದಿತ್ತು, ಅದಕ್ಕೆ. ಅದರಲ್ಲಿ ಲೆಕ್ಕಕ್ಕೆ ಹಿಡಿದ ರೋಗಿಗಳು 36. ಅದು ಪ್ರಕಟವಾದ ಕೆಲವೇ ದಿನಕ್ಕೆ ಅಮೆರಿಕದ ಔಷಧ ನಿಯಂತ್ರಕರು ತುರ್ತು ಬಳಕೆಗೆ ಅನುಮತಿ ಕೊಟ್ಟರು. ಜೂನ್‌ನಲ್ಲಿ ವಾಪಸ್ ತೆಗೆದುಕೊಂಡರು. ಆ ಪ್ರಬಂಧವನ್ನು ಪತ್ರಿಕೆ ಹಿಂತೆಗೆದುಕೊಂಡದ್ದು 2024ರ ಡಿಸೆಂಬರ್‌ನಲ್ಲಿ. ಡೆಕ್ಸಾಮೆಥಾಸೋನ್‌ಗೆ ಒಂದೇ ದಿನದಲ್ಲಿ ಒಪ್ಪಿಗೆ ಸಿಕ್ಕಿದ್ದು ಅದು ಮೊದಲನೆಯದು ಎಂಬ ಕಾರಣಕ್ಕಲ್ಲ. 6,000ಕ್ಕೂ ಜಾಸ್ತಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದ್ದರು. ಈ ವ್ಯತ್ಯಾಸ ಮರೆತರೆ ಮುಂದಿನ ವಾದವೆಲ್ಲ ದಾರಿ ತಪ್ಪುತ್ತದೆ. ಬೊಂಗಾವ್‌ನ ಉಪ್ಪು-ಸಕ್ಕರೆ ನೀರೂ ಹಾಗೆಯೇ. ಅದಕ್ಕೆ ಮೂರು ವರ್ಷ ಮುಂಚೆ, 1968ರಲ್ಲಿ, ಢಾಕಾದಲ್ಲಿ ಕಾಲರಾ ರೋಗಿಗಳ ಮೇಲೆ ಅಂಥ ದ್ರಾವಣದ ಪ್ರಯೋಗ ನಡೆದಿತ್ತು. ಮಹಲನಾಬಿಸ್ ಅವರ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕೈಯಲ್ಲಿದ್ದದ್ದು ಸುಮ್ನೆ ಒಂದು ಊಹೆ ಆಗಿರಲಿಲ್ಲ.

ಮೊದಲ ಫಲಿತಾಂಶ ಯಾಕೆ ಇಷ್ಟು ಸಲ ಕೈಕೊಡುತ್ತದೆ? ಒಂದು ಔಷಧದಿಂದ ಏನೂ ಪ್ರಯೋಜನ ಇಲ್ಲ ಎಂದುಕೊಳ್ಳಿ. ಅದನ್ನು 20 ತಂಡಗಳು ಸಣ್ಣ ಗುಂಪಿನ ಮೇಲೆ ಪರೀಕ್ಷಿಸುತ್ತವೆ. ಎಲ್ಲರೂ ಬಳಸುವ ಸಾಮಾನ್ಯ ಅಳತೆಗೋಲು 20 ಸಲದಲ್ಲಿ ಒಂದು ಸಲ ಹೀಗೆ ತಪ್ಪುವುದನ್ನು ಒಪ್ಪುತ್ತದೆ, ಹಾಗಾಗಿ ಆಕಸ್ಮಿಕವಾಗಿಯೇ ಒಂದು ತಂಡಕ್ಕೆ 'ಕೆಲಸ ಮಾಡುತ್ತದೆ' ಎಂಬ ಫಲಿತಾಂಶ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಉಳಿದ 19 ತಂಡಗಳ ಕೆಲಸ ಕಪಾಟಿನಲ್ಲೇ ಉಳಿಯುತ್ತದೆ. ಏನೂ ಆಗಲಿಲ್ಲ ಎಂಬ ವರದಿಯನ್ನು ಅಚ್ಚು ಹಾಕಲು ಪತ್ರಿಕೆಗಳಿಗೆ ಉತ್ಸಾಹವಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಆ ಒಂದೇ ಒಂದು. ಯಾರೂ ಮೋಸ ಮಾಡಬೇಕಾಗಿಯೇ ಇಲ್ಲ. ಆಮ್ಜೆನ್ ಎಂಬ ಔಷಧ ಕಂಪನಿಯಲ್ಲಿ ಕ್ಯಾನ್ಸರ್ ಮತ್ತು ರಕ್ತಶಾಸ್ತ್ರದ 53 ಹೆಸರುವಾಸಿ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. 2012ರಲ್ಲಿ ಹೇಳಿದ ಲೆಕ್ಕದ ಪ್ರಕಾರ, ಅದೇ ಫಲಿತಾಂಶ ಮತ್ತೆ ಬಂದದ್ದು 6ರಲ್ಲಿ ಮಾತ್ರ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿದಾಗ, 2015ರ ವರದಿಯಂತೆ, ಅದೇ ಫಲಿತಾಂಶ ಬಂದದ್ದು ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿಯಲ್ಲಿ.

ತರ್ಕ ಎಷ್ಟೇ ಚೆನ್ನಾಗಿರಲಿ, ಅದನ್ನೇ ನಂಬಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಾಸ್ಟ್ ಪ್ರಯೋಗ ನೋಡಿ. ಹೃದಯಾಘಾತ ಆದವರಲ್ಲಿ ಹೃದಯ ಆಗಾಗ ಲಯ ತಪ್ಪಿ ಬಡಿಯುತ್ತದೆ. ಹಾಗೆ ಜಾಸ್ತಿ ಬಡಿಯುವವರು ಬೇಗ ಸಾಯುತ್ತಾರೆ ಎಂಬುದೂ ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಆ ತಪ್ಪು ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಹಾಗಾದರೆ ಜೀವ ಉಳಿಯಲೇಬೇಕಲ್ವಾ? ವೈದ್ಯರು ಹಾಗೇ ಅಂದುಕೊಂಡು ಬರೆದುಕೊಡುತ್ತಿದ್ದರು. ಕೊನೆಗೆ 1,498 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಸತ್ವವಿಲ್ಲದ ಮಾತ್ರೆ ನುಂಗಿದವರಲ್ಲಿ 26 ಜನ ಸತ್ತರು, ನಿಜವಾದ ಮಾತ್ರೆ ನುಂಗಿದವರಲ್ಲಿ 63 ಜನ. 1989ರಲ್ಲಿ ಆ ಮಾತ್ರೆಗಳನ್ನು ಕೊಡುವುದನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಇಸಿಜಿ ಕಾಗದದ ಮೇಲೆ ಬಡಿತ ನೆಟ್ಟಗಾಗಿತ್ತು, ಜನ ಮಾತ್ರ ಸಾಯುತ್ತಿದ್ದರು. ಪ್ರಯೋಗಕ್ಕೆ ಮುಂಚೆ ವರ್ಷಗಟ್ಟಲೆ ಈ ಮಾತ್ರೆ ನುಂಗಿ ಸತ್ತವರನ್ನು ಯಾರು ಎಣಿಸಿದರು? ಕಾಯಿಲೆಯಿಂದಲೇ ಸತ್ತರು ಎಂದುಕೊಂಡರು. ಲೆಕ್ಕಕ್ಕೆ ಸಿಗದ ಸಾವು ಕಾಯುವವರ ಕಡೆ ಮಾತ್ರ ಇದೆ ಎನ್ನುವುದು ಆದ್ದರಿಂದ ಸರಿಯಲ್ಲ.

ಎಣಿಸುತ್ತಾ ಬಳಸಿ ಎಂಬ ಮಾತು ಕೇಳಲು ಚೆನ್ನಾಗಿದೆ. ಒಂದು ಪದ್ಧತಿ ಬಳಕೆಗೆ ಬಂದ ಮೇಲೆ ಎಣಿಸಲು ಬಿಡುವವರು ಯಾರು? 1940ರ ದಶಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವ ಪದ್ಧತಿ ಬಂತು. ಮಕ್ಕಳ ಉಸಿರಾಟ ಸಲೀಸಾಯಿತು, ಬಣ್ಣ ತಿಳಿಯಾಯಿತು. ಅದೇ ಹೊತ್ತಿಗೆ ಅಂಥ ಮಕ್ಕಳು ಕುರುಡಾಗಲು ಶುರುವಾಯಿತು. ಆಮ್ಲಜನಕದ ಮೇಲೆ ಅನುಮಾನ ಬಂದು, ವಾಷಿಂಗ್ಟನ್‌ನ ಒಂದು ಆಸ್ಪತ್ರೆಯಲ್ಲಿ ಕೆಲವು ಮಕ್ಕಳಿಗೆ ಕಡಿಮೆ ಕೊಟ್ಟು ನೋಡಲು ಹೊರಟರು. ರಾತ್ರಿ ಪಾಳಿಯ ಕೆಲವು ನರ್ಸ್‌ಗಳು ಗುಟ್ಟಾಗಿ ಆಮ್ಲಜನಕ ಜಾಸ್ತಿ ಮಾಡಿಬಿಡುತ್ತಿದ್ದರು. ಮಕ್ಕಳಿಗೆ ಅನ್ಯಾಯ ಆಗುತ್ತಿದೆ ಎಂದು ಅವರಿಗೆ ನಿಜವಾಗಿಯೂ ಅನಿಸಿತ್ತು. 18 ಆಸ್ಪತ್ರೆಗಳು ಸೇರಿ 1953ರಲ್ಲಿ ಶುರು ಮಾಡಿದ ಪ್ರಯೋಗ ಕೊನೆಗೆ ಅನುಮಾನ ಬಗೆಹರಿಸಿತು. ಅಷ್ಟು ಹೊತ್ತಿಗೆ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ಇಷ್ಟಕ್ಕೇ ಮುಗಿಯಲಿಲ್ಲ. ಆ ಫಲಿತಾಂಶವನ್ನು ಹಿಡಿದುಕೊಂಡು ಎಲ್ಲ ಕಡೆ ಆಮ್ಲಜನಕವನ್ನು ಬಿಗಿಯಾಗಿ ಕಡಿಮೆ ಮಾಡಿದಾಗ, ಉಸಿರು ಸಾಲದೆ ಸಾಯುವ ಮಕ್ಕಳು ಹೆಚ್ಚಾದರು. ಎರಡೂ ಸಲ ಆತುರವೇ ಕಾರಣ. ಈ ಒಂದು ಪ್ರಕರಣ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾಕೆಂದರೆ ಇದರಲ್ಲಿ ಕೆಟ್ಟವರು ಯಾರೂ ಇಲ್ಲ.

ಎಂಜಿನಿಯರಿಂಗ್‌ಗೆ ಬಂದರೆ, ಬೆಲ್ಟ್ ತಪ್ಪಾಗಿದ್ದರೆ ಮುಂದಿನ ಕಾರಿನಲ್ಲಿ ಸರಿಮಾಡಬಹುದು. ಸೇತುವೆಗೆ ಆ ಅವಕಾಶ ಇಲ್ಲ. ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆಗೆ ಮೊದಲ ಯೋಜನೆಯಲ್ಲಿ 7.6 ಮೀಟರ್ ಎತ್ತರದ ಕಬ್ಬಿಣದ ಚೌಕಟ್ಟು ಇತ್ತು. ಹೊಸ ಲೆಕ್ಕಾಚಾರದ ಪ್ರಕಾರ ತೂಗುಸೇತುವೆ ತೆಳ್ಳಗಿದ್ದರೂ ಸಾಕು, ಖರ್ಚೂ ಉಳಿಯುತ್ತದೆ ಎಂದಾಯಿತು. ಎತ್ತರವನ್ನು 2.4 ಮೀಟರ್‌ಗೆ ಇಳಿಸಿದರು, ಎರಡು ಗೋಪುರಗಳ ನಡುವಿನ ಉದ್ದ 853 ಮೀಟರ್. ಆ ಲೆಕ್ಕಾಚಾರ ಆವರೆಗೆ ಕಟ್ಟಿದ ಅಗಲವಾದ, ಭಾರವಾದ ಸೇತುವೆಗಳಲ್ಲಿ ಸರಿಹೋಗಿತ್ತು. ಗಾಳಿ ಒಂದೇ ಸಮನೆ ತಳ್ಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಗಾಳಿ ಸೇತುವೆಯನ್ನು ತಿರುಚಿ, ಆ ತಿರುಚುವಿಕೆಯೇ ಮತ್ತಷ್ಟು ಬಲ ಪಡೆದರೆ ಏನು ಎಂಬುದು ಲೆಕ್ಕದಲ್ಲಿ ಇರಲಿಲ್ಲ. 1940ರ ಜುಲೈ 1ರಂದು ತೆರೆದ ಸೇತುವೆ ನವೆಂಬರ್ 7ರಂದು ಗಂಟೆಗೆ ಸುಮಾರು 64 ಕಿಲೋಮೀಟರ್ ಗಾಳಿಗೆ ಮುರಿದು ಬಿತ್ತು. ಆಮೇಲೆ ತೂಗುಸೇತುವೆಗಳ ಮಾದರಿಗಳನ್ನು ಗಾಳಿ ಸುರಂಗದಲ್ಲಿ ಇಟ್ಟು ನೋಡುವುದು ರೂಢಿಯಾಯಿತು.

ವ್ಯಾಪಾರ ನಿರ್ವಹಣೆಯ ಸಂಶೋಧನೆ ಬಗ್ಗೆ ಒಂದೇ ಮಾತು. ಫಾರಂನ ಕೊನೆಯಲ್ಲಿ ಸಹಿ ಮಾಡಿಸುವ ಬದಲು ಮೇಲ್ಗಡೆಯೇ ಮಾಡಿಸಿದರೆ ಜನ ಜಾಸ್ತಿ ಪ್ರಾಮಾಣಿಕರಾಗಿ ಬರೆಯುತ್ತಾರೆ ಎಂದು 2012ರ ಒಂದು ಪ್ರಬಂಧ ಹೇಳಿತು. ಸುಲಭ, ಖರ್ಚಿಲ್ಲ, ತುಂಬ ಜನಪ್ರಿಯವಾಯಿತು. 2020ರಲ್ಲಿ ಅದೇ ಲೇಖಕರು ದೊಡ್ಡದಾಗಿ ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. 2021ರಲ್ಲಿ, ಅದರೊಳಗಿನ ಕಾರು ವಿಮೆಯ ಅಂಕಿಗಳು ನಿಜವಾದವಲ್ಲ ಎಂದು ಬಯಲಾಗಿ ಪ್ರಬಂಧ ಹಿಂದಕ್ಕೆ ಹೋಯಿತು.

ಮೊದಲ ಫಲಿತಾಂಶ ನಿಜವೇ ಆಗಿದ್ದರೂ ಅದು ಬೇರೆ ಕಡೆ ಹಾಗೇ ನಡೆಯುತ್ತದೆ ಎಂದೇನಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಓದಿ ಗುರುತು ಹಾಕುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಆ ಪಟ್ಟಿಯನ್ನು ಜಾರಿಗೆ ತಂದಾಗ ಲೆಕ್ಕಕ್ಕೆ ಬರುವಂಥ ಬದಲಾವಣೆ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ತಂಡವೆಲ್ಲ ನಿಂತು ಮಾತಾಡಿ ಪಟ್ಟಿ ಓದುವುದು ಬೇರೆ, ಮೇಲಿನಿಂದ ಆದೇಶ ಬಂತೆಂದು ಗುರುತು ಹಾಕುವುದು ಬೇರೆ.

ಸ್ಟ್ರೆಪ್ಟೋಕೈನೇಸ್‌ನಲ್ಲಿ ಆದದ್ದು ಅನ್ಯಾಯ ಎಂದು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಉತ್ತರ ಸಿಕ್ಕಿದ್ದು ಎಂಟು ಪ್ರಯೋಗಗಳನ್ನು ಕೂಡಿಸಿದ ಮೇಲೆ, ಒಂದರಿಂದಲ್ಲ. ಅಲ್ಲಿ ಸೋತದ್ದು ಕೂಡಿಸಿ ನೋಡುವ ಕೆಲಸ. ಅದನ್ನು ಸರಿಪಡಿಸಲು ದಾರಿ ಇದೆ. ಪ್ರತಿ ಪ್ರಯೋಗವನ್ನೂ ಶುರುವಾಗುವ ಮುಂಚೆಯೇ ಬಹಿರಂಗವಾಗಿ ನೋಂದಾಯಿಸಬೇಕು, ಆಗ ಕಪಾಟಿಗೆ ಸೇರುವ 19 ಪ್ರಯೋಗಗಳೂ ಇವೆ ಎಂದಾದರೂ ತಿಳಿಯುತ್ತದೆ. ದೊಡ್ಡ ವೈದ್ಯಕೀಯ ಪತ್ರಿಕೆಗಳು 2005ರಿಂದ ಇದನ್ನು ಕಡ್ಡಾಯ ಮಾಡಿವೆ, ಎಂಜಿನಿಯರಿಂಗ್ ಮತ್ತು ವ್ಯಾಪಾರದ ಸಂಶೋಧನೆಗೂ ಅದು ಬರಲಿ. ಇನ್ನೊಬ್ಬರ ಪ್ರಯೋಗವನ್ನು ಮತ್ತೆ ಮಾಡುವವರಿಗೆ ಈಗ ಹಣವೂ ಇಲ್ಲ, ಹೆಸರೂ ಇಲ್ಲ. ಹೊಸ ಫಲಿತಾಂಶವನ್ನು ಬಳಸಿ ಲಾಭ ಪಡೆಯಲಿರುವ ಕಂಪನಿ, ಆಸ್ಪತ್ರೆ, ಸರ್ಕಾರಿ ಇಲಾಖೆ ಯಾರೇ ಇರಲಿ, ಎರಡನೇ ಪ್ರಯೋಗದ ಖರ್ಚನ್ನು ಅವರೇ ಕೊಡಲಿ. ಆ ಪ್ರಯೋಗವನ್ನು ಅವರಿಗೆ ಸಂಬಂಧವಿಲ್ಲದ ತಂಡ ಮಾಡಲಿ.