ಸತ್ಯಾಂಶ: ಪಕ್ಕೆಲುಬು ಎಣಿಸಿ ಗಂಡು-ಹೆಣ್ಣು ಹೇಳಲಾಗದು

"ಗಂಡಸರಿಗೆ ಒಂದು ಪಕ್ಕೆಲುಬು ಕಡಿಮೆ, ಪಾಯ ಅಗೆಯುವಾಗ ಅಸ್ಥಿಪಂಜರ ಸಿಕ್ಕರೆ ಎಣಿಸಿದರೆ ಸಾಕು, ಗಂಡೋ ಹೆಣ್ಣೋ ತಿಳಿಯುತ್ತದೆ" ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಗಂಡಾಗಲಿ ಹೆಣ್ಣಾಗಲಿ, ಸಾಮಾನ್ಯವಾಗಿ ಇರುವುದು 12 ಜೋಡಿ, ಅಂದರೆ 24 ಪಕ್ಕೆಲುಬುಗಳು. ಅಪರೂಪಕ್ಕೆ ಒಂದು ಹೆಚ್ಚೋ ಕಡಿಮೆಯೋ ಇದ್ದರೂ ಅದು ಲಿಂಗದ ಗುರುತಲ್ಲ.

ವಿಧಿವಿಜ್ಞಾನ ತಜ್ಞರು ಹೆಚ್ಚು ನಂಬುವುದು ಸೊಂಟದ ಎಲುಬನ್ನು. ಹೆರಿಗೆಗೆ ಒದಗುವಂತೆ ಹೆಣ್ಣಿನ ಸೊಂಟದ ಕುಹರ ಅಗಲವಾಗಿರುತ್ತದೆ. ಆ ಎಲುಬಿನ ಹಿಂಬದಿಯ ದೊಡ್ಡ ಕಚ್ಚಿನಲ್ಲಿ ಹೆಬ್ಬೆರಳಿಟ್ಟು ನೋಡಿದರೆ, ಹೆಣ್ಣಿನದಾದಲ್ಲಿ ಬೆರಳು ಸಾಮಾನ್ಯವಾಗಿ ಆಚೀಚೆ ಆಡುತ್ತದೆ, ಗಂಡಿನದಾದಲ್ಲಿ ಬಿಗಿಯಾಗಿ ಕೂರುತ್ತದೆ. ತಲೆಬುರುಡೆಯದು ಆಮೇಲಿನ ಮಾತು.

ಅಳತೆಗಳಲ್ಲಿ ಹೆಸರಾದದ್ದು ತೊಡೆಯೆಲುಬಿನ ಗುಂಡುತಲೆಯ ವ್ಯಾಸ. ಅದು 47.5 ಮಿ.ಮೀ. ಮೀರಿದರೆ ಗಂಡು, 42.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೆಣ್ಣು ಎಂದು ಪಾಶ್ಚಾತ್ಯ ಪಠ್ಯಗಳು ಹೇಳುತ್ತವೆಯಾದರೂ, ನಮ್ಮವರ ಎಲುಬುಗಳು ಸರಾಸರಿಯಲ್ಲಿ ಚಿಕ್ಕವಾದ್ದರಿಂದ ಅದೇ ಗೆರೆಯನ್ನು ಇಲ್ಲಿ ಎಳೆದರೆ ಎಷ್ಟೋ ಗಂಡಸರು ಹೆಂಗಸರ ಲೆಕ್ಕಕ್ಕೆ ಸೇರಿಬಿಡುತ್ತಾರೆ. ನಡುವಿನ ಅಳತೆ ಬಂದರೆ ಪ್ರಾಮಾಣಿಕ ಉತ್ತರ "ಹೇಳಲಾಗದು" ಎಂಬುದೇ. ಪ್ರಾಯಕ್ಕೆ ಬಾರದ ಮಕ್ಕಳ ಎಲುಬುಗಳಲ್ಲಂತೂ ಈ ವ್ಯತ್ಯಾಸಗಳು ಇನ್ನೂ ಮೂಡಿರುವುದಿಲ್ಲವಾದ್ದರಿಂದ ಡಿಎನ್‌ಎ ಪರೀಕ್ಷೆಯನ್ನೇ ನೆಚ್ಚಬೇಕಾಗುತ್ತದೆ.