ಎಸ್–ಪಿ ಅಂತರದಿಂದ ಭೂತೊಗಟೆಯ ದಪ್ಪ ತಿಳಿಯದು

ಭೂಕಂಪದ ಪಿ (ಮೊದಲು ಬರುವ ವೇಗದ) ಮತ್ತು ಎಸ್ (ನಂತರ ಬರುವ ನಿಧಾನದ) ಅಲೆಗಳು ತಲುಪುವ ಸಮಯದ ಅಂತರದಿಂದ ಭೂತೊಗಟೆಯ ದಪ್ಪ ಸಿಗುತ್ತದೆ ಎಂದು ಲೇಖನವೊಂದರಲ್ಲಿದೆ. ಅದರಿಂದ ಸಿಗುವುದು ಭೂಕಂಪ ಎಷ್ಟು ದೂರದಲ್ಲಾಯಿತು ಎಂಬುದಷ್ಟೇ. ದಪ್ಪಕ್ಕೆ ಹುಡುಕಬೇಕಾದದ್ದು, ತೊಗಟೆ ಮುಗಿದು ಅದರ ಕೆಳಗಿನ ಪದರ ಶುರುವಾಗುವ ಮೋಹೋ ಗಡಿಯಲ್ಲಿ ಎಸ್ ಆಗಿ ಬದಲಾದ ಪಿ ಅಲೆಯ ಪಾಲನ್ನು. 30ರಿಂದ 90 ಡಿಗ್ರಿ (ಭೂಕೇಂದ್ರದಲ್ಲಿ ಅಳೆದ ಕೋನ) ದೂರದ, ಮ್ಯಾಗ್ನಿಟ್ಯೂಡ್ 5.5ಕ್ಕಿಂತ ದೊಡ್ಡ ಕಂಪನಗಳನ್ನು ಆರಿಸಿ, ರೇಡಿಯಲ್ ದಾಖಲೆಯನ್ನು (ಅಲೆ ಸಾಗುವ ದಿಕ್ಕಿನ ಸಮತಲ ಅಲುಗಾಟ) ಲಂಬ ದಾಖಲೆಯಿಂದ ಡೀಕನ್ವಲ್ಯೂಷನ್ ಮಾಡಿದರೆ, ಅಂದರೆ ಎರಡರಲ್ಲೂ ಇರುವ ಮೂಲ ಕಂಪನದ ಆಕಾರವನ್ನು ಗಣಿತದಿಂದ ತೆಗೆದರೆ, ಆ ಪಾಲು ಚಿಕ್ಕ ಉಬ್ಬಾಗಿ ಕಾಣುತ್ತದೆ. ತೊಗಟೆ 35 ಕಿ.ಮೀ. ಇದ್ದರೆ, ಪಿ ಬಂದ ಸುಮಾರು 4.3 ಸೆಕೆಂಡಿಗೆ.

ಅದೊಂದನ್ನೇ ನಂಬಬೇಡಿ. ಪಿ–ಎಸ್ ವೇಗಗಳ ಅನುಪಾತ 0.1ರಷ್ಟು ತಪ್ಪಿದರೂ ದಪ್ಪ ಸುಮಾರು 4 ಕಿ.ಮೀ. ತಪ್ಪುತ್ತದೆ! ಕೆಳಗಿನಿಂದ ನೆಲದ ಮೇಲ್ಮೈಗೆ ಬಡಿದು, ಕೆಳಗಿಳಿದು, ಮೋಹೋದಿಂದ ಮತ್ತೆ ಪುಟಿದು 14ನೇ ಸೆಕೆಂಡಿನ ಆಸುಪಾಸಿಗೆ ಬರುವ ಪ್ರತಿಧ್ವನಿಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಧಾರವಾಡ ಶಿಲಾವಲಯದ ಪೂರ್ವಭಾಗ ಸುಮಾರು 35, ಪಶ್ಚಿಮಭಾಗ 40 ಕಿ.ಮೀ.ಗೂ ಹೆಚ್ಚು ಎಂಬುದಕ್ಕೆ ಈ ವಿಧಾನವೂ ಆಧಾರ. ಗಂಗಾ ಬಯಲಿನಲ್ಲಿ ಮಾತ್ರ ಮೆಕ್ಕಲಿನೊಳಗಿನ ಮರುಕಂಪನ ಆ ಉಬ್ಬನ್ನೇ ಮುಚ್ಚಿಬಿಡುತ್ತದೆ.