ಮೆಕ್ಸಿಕೋ ಸಿಟಿ ಕುಸಿಯುತ್ತಿರುವುದು ಕಟ್ಟಡಗಳ ಭಾರದಿಂದಲ್ಲ

ಕೆರೆ ಮುಚ್ಚಿ ಕಟ್ಟಿದ ಮೆಕ್ಸಿಕೋ ಸಿಟಿ ತನ್ನ ಕಟ್ಟಡಗಳ ಭಾರಕ್ಕೇ ಕುಸಿಯುತ್ತಿದೆ ಎಂಬ ಮಾತು ಹರಿದಾಡುತ್ತಿದೆ. ಅರ್ಧ ಮಾತ್ರ ಸರಿ. ಟೆಕ್ಸ್‌ಕೋಕೊ ಸರೋವರದ ತಳದ ಮೇಲೇ ಊರು ನಿಂತಿದೆ, ನಿಜ. ಆದರೆ ಮುಖ್ಯ ಕಾರಣ ಅಂತರ್ಜಲ.

ತಳದ ಜೇಡಿಮಣ್ಣಿನಲ್ಲಿ ನೀರೇ ಹೆಚ್ಚು. ಅದರ ಕೆಳಗಿನ ಜಲಪದರದಿಂದ ಕೊಳವೆಬಾವಿಗಳು ನೀರೆತ್ತಿದಂತೆ ಒತ್ತಡ ಇಳಿದು, ಜೇಡಿಯ ನೀರು ಬಸಿದು, ಪದರ ಅಡಕವಾಗುತ್ತದೆ. ಹೀಗೆ ಅಡಕವಾದದ್ದು ಮತ್ತೆ ಮಳೆನೀರು ಇಂಗಿಸಿದರೂ ಬಹುಪಾಲು ಉಬ್ಬುವುದಿಲ್ಲ. ಕೆಲವೆಡೆ ಕುಸಿತ ವರ್ಷಕ್ಕೆ ಸುಮಾರು 50 ಸೆಂ.ಮೀ.

ಭಾರವೇ ಕಾರಣವಾಗಿದ್ದರೆ ಭಾರದ ಸ್ಮಾರಕಗಳೇ ಮೊದಲು ಇಳಿಯಬೇಕಿತ್ತು. 1910ರ ಸ್ವಾತಂತ್ರ್ಯ ಸ್ತಂಭದಲ್ಲಿ ಆದದ್ದು ತಿರುಗಾಮುರುಗಾ: ಆಳದ ಅಡಿಪಾಯದ ಮೇಲೆ ಅದು ನಿಂತೇ ಇತ್ತು, ಸುತ್ತಲ ರಸ್ತೆ ಇಳಿಯಿತು, 14 ಮೆಟ್ಟಿಲು ಸೇರಿಸಬೇಕಾಯಿತು. ಆಳದ ಅಡಿಪಾಯವಿಲ್ಲದ ಬೆಲ್ಲಾಸ್ ಆರ್ಟೆಸ್ ಅರಮನೆ ಎಂಬ ಕಲಾಭವನ ಮಾತ್ರ ಭಾರಕ್ಕೂ ಇಳಿದಿದೆ, ಒಪ್ಪೋಣ.

ಎಲ್ಲ ಕಡೆ ಒಂದೇ ಸಮ ಇಳಿದಿದ್ದರೆ ಇಷ್ಟು ತಾಪತ್ರಯವಿರುತ್ತಿರಲಿಲ್ಲ. ಏರುಪೇರಿನಿಂದ ಪೈಪು ಒಡೆಯುತ್ತದೆ, ಚರಂಡಿ ಇಳಿಜಾರು ಕಳೆದುಕೊಳ್ಳುತ್ತದೆ. ಊರಿನ ಕೊಳಚೆನೀರು ಹೊರಗೊಯ್ಯಲು ಕಟ್ಟಿದ, 1900ರಲ್ಲಿ ತಾನಾಗೇ ಹರಿಯುತ್ತಿದ್ದ ದೊಡ್ಡ ಕಾಲುವೆಗೆ ಆಮೇಲೆ ಪಂಪು ಬೇಕಾಯಿತು.

ಇನ್ನು ಭೂಕಂಪ: ಅದು ಈ ಕುಸಿತದ ಮೂಲವಲ್ಲ. 1985ರ ಭೂಕಂಪದ ಕೇಂದ್ರ 350 ಕಿ.ಮೀ.ಗೂ ದೂರವಿದ್ದರೂ ಊರು ನಲುಗಿದ್ದು ಇದೇ ಜೇಡಿ ಕಂಪನವನ್ನು ಹಿಗ್ಗಿಸಿದ್ದರಿಂದ.